ಕುಡಿದ ಮೇಲೆ ಕಣ್ಣು ಹುಡುಕುವ ಬಗೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಪರದೆ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಪರದೆ ನೋಡಿ. ತುಂಬಾ ನೀಲಿ ಬಣ್ಣದ 'ಮ'ಗಳಿವೆ. ಅವುಗಳ ನಡುವೆ ಒಂದೇ ಒಂದು ಕೆಂಪು 'ಮ' ಇದೆ. ಸಿಕ್ಕಿತಾ? ಹುಡುಕುವ ಕೆಲಸವೇ ಇರಲಿಲ್ಲ, ಅಲ್ವಾ? ಅದಾಗಿಯೇ ಕಣ್ಣಿಗೆ ಬಿತ್ತು.

ಈಗ ಎರಡನೇ ಚಿತ್ರ. ಇಲ್ಲಿ ನೀಲಿ 'ಮ'ಗಳ ಜೊತೆಗೆ ಕೆಂಪು 'ಯ'ಗಳೂ ಇವೆ. ಹುಡುಕಬೇಕಾದದ್ದು ಮತ್ತದೇ ಕೆಂಪು 'ಮ'. ಈ ಸಲ ಸಭೆ ಸ್ವಲ್ಪ ನಿಶ್ಶಬ್ದವಾಯಿತು. ಕೆಲವರು ಮುಂದಕ್ಕೆ ಬಾಗಿದಿರಿ. ಬಣ್ಣ ಒಂದೇ ನೋಡಿದರೆ ಸಾಲದು, ಆಕಾರ ಒಂದೇ ನೋಡಿದರೂ ಸಾಲದು. ಎರಡನ್ನೂ ಕೂಡಿಸಿ ನೋಡಬೇಕು. ಹಾಗಾಗಿ ಕಣ್ಣು ಒಂದೊಂದೇ ಜಾಗಕ್ಕೆ ಹೋಗಿ ಬರಬೇಕಾಯಿತು.

ಮೂರನೇ ಚಿತ್ರವೂ ಹೆಚ್ಚುಕಡಿಮೆ ಹಾಗೇ ಇದೆ. ಆದರೆ ಇದರಲ್ಲಿ ಕೆಂಪು 'ಮ' ಇಲ್ಲವೇ ಇಲ್ಲ. 'ಇಲ್ಲ' ಅಂತ ಹೇಳೋಕೆ ನಿಮಗೆ ಎಷ್ಟು ಹೊತ್ತು ಹಿಡಿಯಿತು ನೋಡಿಕೊಳ್ಳಿ. ಇದ್ದದ್ದನ್ನು ಕಂಡು 'ಇದೆ' ಅನ್ನುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಈ ಮೂರನೇ ಚಿತ್ರ ನೆನಪಿರಲಿ. ಇವತ್ತಿನ ಮಾತಿನ ಮುಖ್ಯ ಭಾಗ ಅದರ ಮೇಲೆಯೇ ನಿಂತಿದೆ.

ಮನೋವಿಜ್ಞಾನದಲ್ಲಿ ಇಂಥ ಕೆಲಸಕ್ಕೆ ವಿಜುವಲ್ ಸರ್ಚ್ ಅನ್ನುತ್ತಾರೆ. ನಾವು ಕಣ್ಣಿನ ಹುಡುಕಾಟ ಅನ್ನೋಣ. ಇದನ್ನು ಗಟ್ಟಿಯಾಗಿ ಅಧ್ಯಯನ ಮಾಡುವ ದಾರಿ ಹಾಕಿಕೊಟ್ಟವರು ಆ್ಯನ್ ಟ್ರೀಸ್‌ಮನ್. 1980ರಲ್ಲಿ ಗ್ಯಾರಿ ಗೆಲೇಡ್ ಜೊತೆ ಸೇರಿ ಅವರು ಒಂದು ಸಿದ್ಧಾಂತ ಮಂಡಿಸಿದರು. ಬಣ್ಣ, ವಾಲಿಕೆ, ಚಲನೆ ಇಂಥ ಒಂಟಿ ಗುಣಗಳನ್ನು ಮಿದುಳು ಇಡೀ ಚಿತ್ರದ ಮೇಲೆ ಒಟ್ಟಿಗೇ ಗುರುತಿಸುತ್ತದೆ. ಆದರೆ ಎರಡು ಗುಣಗಳನ್ನು ಒಂದೇ ವಸ್ತುವಿಗೆ ಸೇರಿಸಿ ನೋಡಬೇಕಾದರೆ ಗಮನ ಬೇಕು. ಗಮನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತಾ ಹೋಗಬೇಕು.

ಅಳತೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮೊದಲ ಬಗೆಯ ಚಿತ್ರದಲ್ಲಿ ಅಕ್ಷರಗಳು ಹತ್ತಿದ್ದರೂ ಐವತ್ತಿದ್ದರೂ ಉತ್ತರಕ್ಕೆ ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ. ಎರಡನೇ ಬಗೆಯಲ್ಲಿ ಒಂದೊಂದು ವಸ್ತು ಸೇರಿದಾಗಲೂ ಸುಮಾರು 20ರಿಂದ 30 ಮಿಲಿಸೆಕೆಂಡ್ ಜಾಸ್ತಿಯಾಗುತ್ತದೆ. ಹುಡುಕುವ ವಸ್ತು ಇಲ್ಲದೇ ಇದ್ದಾಗ ಅದರ ಸುಮಾರು ಎರಡು ಪಟ್ಟು. ಟ್ರೀಸ್‌ಮನ್ ಅವರ ಸಿದ್ಧಾಂತದ ಬಿಡಿ ವಿವರಗಳ ಬಗ್ಗೆ ಆಮೇಲೆ ಬೇಕಾದಷ್ಟು ತಕರಾರು ಬಂದಿವೆ. ಜೆರೆಮಿ ವುಲ್ಫ್ ಅದನ್ನು ತಿದ್ದಿ ಬೆಳೆಸಿದರು. ಕೆಂಪು 'ಮ' ಹುಡುಕುವಾಗ ನಾವು ನೀಲಿಯನ್ನೆಲ್ಲ ಬಿಟ್ಟು ಕೆಂಪಿನ ಕಡೆಗೇ ಹೋಗುತ್ತೇವೆ, ಸುಮ್ನೆ ಕುರುಡಾಗಿ ಅಲೆಯುವುದಿಲ್ಲ ಅನ್ನುವುದು ಅವರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ. ಏನೇ ಇರಲಿ, ತಾನಾಗಿಯೇ ಕಾಣುವುದು ಬೇರೆ, ಹುಡುಕಿ ಕಾಣುವುದು ಬೇರೆ. ಈ ವ್ಯತ್ಯಾಸ ಮಾತ್ರ ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ಈಗ ಒಂದು ಸಣ್ಣ ಕೆಲಸ. ಕೈ ಪೂರ್ತಿ ಮುಂದೆ ಚಾಚಿ. ಹೆಬ್ಬೆರಳು ಎತ್ತಿ, ಅದರ ಉಗುರು ನೋಡಿ. ನಿಮ್ಮ ಕಣ್ಣಿಗೆ ನಿಜವಾಗಿ ಸ್ಪಷ್ಟವಾಗಿ ಕಾಣುವ ಜಾಗ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ರೆಟಿನಾದ ನಡುವೆ ಫೋವಿಯಾ ಅನ್ನುವ ಪುಟ್ಟ ಗುಳಿ ಇದೆ. ಸಣ್ಣ ಅಕ್ಷರ ಓದುವ ಶಕ್ತಿ ಇರುವುದು ಅಲ್ಲಿ. ಅದರಿಂದ ದೂರ ಹೋದ ಹಾಗೆಲ್ಲ ಚಿತ್ರ ಮಸುಕಾಗುತ್ತದೆ. ಆದರೂ ಈ ಇಡೀ ಸಭಾಂಗಣ ನಿಮಗೆ ಸ್ಪಷ್ಟವಾಗಿ ಕಂಡಂತೆ ಅನ್ನಿಸುತ್ತಿದೆ. ಯಾಕೆಂದರೆ ನಿಮ್ಮ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತಿದೆ. ಈ ಜಿಗಿತಕ್ಕೆ ಸಕೇಡ್ ಅಂತ ಹೆಸರು. ಜಿಗಿಯುವ ಆ ಗಳಿಗೆಯಲ್ಲಿ ನಮಗೆ ಹೆಚ್ಚೇನೂ ಕಾಣುವುದಿಲ್ಲ. ಜಿಗಿತಗಳ ನಡುವೆ ಕಣ್ಣು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ಒಂದೇ ಕಡೆ ನಿಲ್ಲುತ್ತದೆ. ನೋಡುವುದೆಲ್ಲ ನಡೆಯುವುದು ಆ ನಿಲುಗಡೆಗಳಲ್ಲಿ.

ಅಂದರೆ ಹುಡುಕಾಟ ಅನ್ನುವುದು ಒಂದರ ಹಿಂದೆ ಒಂದು ಬರುವ ಸಣ್ಣ ಸಣ್ಣ ತೀರ್ಮಾನಗಳ ಸಾಲು. ಎಲ್ಲಿ ನೋಡಲಿ? ಎಷ್ಟು ಹೊತ್ತು ನಿಲ್ಲಲಿ? ಇದಾಯಿತು, ಮುಂದೆ ಎಲ್ಲಿಗೆ? ಆಗಲೇ ನೋಡಿದ ಜಾಗ ಯಾವುದು? ಕೊನೆಗೆ, ಸಾಕು, ಇಲ್ಲಿ ಇಲ್ಲ ಅಂತ ಯಾವಾಗ ಹೇಳಲಿ? ಕನ್ನಡಕದ ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಕಣ್ಣಿನ ಮಸೂರವನ್ನು. ಈ ತೀರ್ಮಾನಗಳನ್ನು ಅಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಆಲ್ಕೋಹಾಲ್ ಹೋಗಿ ಕೈ ಹಾಕುವುದು ಮಾತ್ರ ಸರಿಯಾಗಿ ಇಲ್ಲಿಗೇ.

ಇದನ್ನು ಪ್ರಯೋಗಾಲಯದಲ್ಲಿ ಹೇಗೆ ಅಳೆಯುತ್ತಾರೆ? ಕುಡಿಸಿ, ಪರದೆ ಮುಂದೆ ಕೂರಿಸಿ, ಬಟನ್ ಒತ್ತಿಸಿದರೆ ಮುಗಿಯಿತು ಅಂದುಕೊಂಡರೆ ತಪ್ಪು. ಮೊದಲನೆಯದಾಗಿ ಎಲ್ಲರಿಗೂ ಒಂದೇ ಅಳತೆ ಕೊಡುವ ಹಾಗಿಲ್ಲ. ಮೈತೂಕ ನೋಡಿ ಲೆಕ್ಕ ಹಾಕುತ್ತಾರೆ. ಆಮೇಲೆ ಉಸಿರಿನ ಪರೀಕ್ಷೆಯಿಂದ ರಕ್ತದಲ್ಲಿ ಎಷ್ಟಿದೆ ಅಂತ ನೋಡುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದರೆ ಅದನ್ನು 0.05 ಅನ್ನುವುದು ವಾಡಿಕೆ. ಇವತ್ತು ನಾನು ಹೇಳುವ ಅಂಕಿಗಳೆಲ್ಲ ಈ ಲೆಕ್ಕದಲ್ಲಿವೆ.

ಎರಡನೆಯದು ಇನ್ನೂ ಕಷ್ಟದ್ದು. 'ನಾನು ಕುಡಿದಿದ್ದೇನೆ' ಅನ್ನುವ ನಂಬಿಕೆಯೇ ಮನುಷ್ಯರ ನಡವಳಿಕೆ ಬದಲಿಸುತ್ತದೆ. ಅದಕ್ಕೆ ಕೆಲವರಿಗೆ ಬರೀ ಜ್ಯೂಸ್ ಕೊಟ್ಟು, ಲೋಟದ ಅಂಚಿಗೆ ಮಾತ್ರ ಸ್ವಲ್ಪ ಮದ್ಯ ಸವರುತ್ತಾರೆ. ವಾಸನೆ ಬರುತ್ತದೆ, ನಂಬಿಕೆ ಹುಟ್ಟುತ್ತದೆ, ಅಮಲು ಮಾತ್ರ ಏರುವುದಿಲ್ಲ. 1973ರಲ್ಲಿ ಅಲನ್ ಮಾರ್ಲಟ್ ತಂಡ ಇದನ್ನೇ ಇನ್ನೂ ಚೊಕ್ಕವಾಗಿ ಮಾಡಿತು. ವೋಡ್ಕಾ ಬೆರೆಸಿದ ಟಾನಿಕ್ ನೀರು ಒಂದು ಕಡೆ, ಬರೀ ಟಾನಿಕ್ ನೀರು ಇನ್ನೊಂದು ಕಡೆ. ಜನರನ್ನು ನಾಲ್ಕು ಗುಂಪು ಮಾಡಿದರು. ಮದ್ಯ ಅಂತ ಹೇಳಿ ಮದ್ಯ ಕೊಟ್ಟರು, ಮದ್ಯ ಅಂತ ಹೇಳಿ ಬರೀ ಟಾನಿಕ್ ಕೊಟ್ಟರು, ಬರೀ ಟಾನಿಕ್ ಅಂತ ಹೇಳಿ ಮದ್ಯ ಕೊಟ್ಟರು, ಬರೀ ಟಾನಿಕ್ ಅಂತ ಹೇಳಿ ಅದನ್ನೇ ಕೊಟ್ಟರು. ಮದ್ಯ ಮಾಡುವುದು ಎಷ್ಟು, ನಂಬಿಕೆ ಮಾಡುವುದು ಎಷ್ಟು ಅಂತ ಬಿಡಿಸಿ ನೋಡಲು ಇದರಿಂದ ಸಾಧ್ಯವಾಯಿತು. ಅಂದಹಾಗೆ, ಇದರಲ್ಲಿ ಒಂದು ಸ್ವಾರಸ್ಯವಿದೆ. 'ಕುಡಿದರೆ ನನ್ನ ಕೆಲಸ ಕೆಡುತ್ತದೆ' ಅಂತ ಮೊದಲೇ ಅಂದುಕೊಂಡವರು ಕೆಲವು ಸಲ ಹೆಚ್ಚು ಎಚ್ಚರವಹಿಸಿ, ಅದನ್ನು ಒಂದಿಷ್ಟು ಸರಿದೂಗಿಸಿಕೊಳ್ಳುತ್ತಾರೆ. ನನಗೇನೂ ಆಗಲ್ಲ ಅನ್ನುವವರಿಗೆ ಆ ಲಾಭವೂ ಇಲ್ಲ.

ಸರಿ, ಫಲಿತಾಂಶಕ್ಕೆ ಬರೋಣ. ನೀಲಿಯ ನಡುವಿನ ಕೆಂಪು ಅಕ್ಷರದ ಹಾಗೆ ತಾನಾಗಿಯೇ ಕಣ್ಣಿಗೆ ಬೀಳುವ ವಸ್ತುಗಳ ವಿಷಯದಲ್ಲಿ ಸಾಧಾರಣ ಪ್ರಮಾಣದ ಮದ್ಯ ಹೆಚ್ಚು ಹಾನಿ ಮಾಡುವುದಿಲ್ಲ. ಬಟನ್ ಒತ್ತುವುದು ಸ್ವಲ್ಪ ನಿಧಾನವಾಗಬಹುದು, ಅಷ್ಟೆ. ಎರಡನೇ ಚಿತ್ರದಂಥ, ಗಮನವನ್ನು ಬೇಕೆಂದೇ ನಡೆಸಬೇಕಾದ ಹುಡುಕಾಟದಲ್ಲಿ ಪೆಟ್ಟು ಜೋರಾಗಿ ಬೀಳುತ್ತದೆ. ವಸ್ತುಗಳು ಹೆಚ್ಚಿದಷ್ಟೂ, ಅವು ನೋಟದ ಅಂಚಿನ ಕಡೆಗೆ ಸರಿದಷ್ಟೂ ತೊಂದರೆ ಜಾಸ್ತಿ.

ಇದೇ ಕಾರಣಕ್ಕೆ ಕುಡಿದವರಿಗೆ ತಮ್ಮ ಮೇಲೆ ಅಷ್ಟೊಂದು ಭರವಸೆ. ದೊಡ್ಡದಾಗಿ, ಕೆಂಪಗೆ, ಎದುರಿಗೆ ಇರುವುದೆಲ್ಲ ಎಂದಿನಂತೆಯೇ ಕಾಣುತ್ತಿದೆ. ಬೋರ್ಡು ಓದೋಕೆ ಆಗುತ್ತದೆ. ಮುಖಗಳು ಗುರುತು ಸಿಗುತ್ತವೆ. ಕಣ್ಣಿನ ಪರೀಕ್ಷೆಯ ಅಕ್ಷರ ಚಾರ್ಟ್ ಮುಂದೆ ನಿಲ್ಲಿಸಿದರೂ, ಸಾಧಾರಣ ಪ್ರಮಾಣದಲ್ಲಿ ಕುಡಿದವರು ಹೆಚ್ಚುಕಡಿಮೆ ಎಂದಿನ ಸಾಲಿನವರೆಗೂ ಓದಿಬಿಡುತ್ತಾರೆ. ಕೆಟ್ಟಿರುವುದು ಆ ಚಾರ್ಟ್ ಅಳೆಯುವಂಥದ್ದಲ್ಲ.

ಇಲ್ಲಿ ಒಂದು ತಕರಾರು ಹೇಳಲೇಬೇಕು. ಕುಡಿದು ಗಾಡಿ ಓಡಿಸಬೇಡಿ ಅನ್ನುವ ಪೋಸ್ಟರ್‌ಗಳಲ್ಲಿ ಸುತ್ತಲೂ ಕಪ್ಪಾಗಿ, ನಡುವೆ ಮಾತ್ರ ರಸ್ತೆ ಕಾಣುವ ಚಿತ್ರ ಇರುತ್ತದೆ ನೋಡಿ, ಸುರಂಗದಿಂದ ನೋಡಿದ ಹಾಗೆ. ಉದ್ದೇಶ ಒಳ್ಳೆಯದೇ. ಆದರೆ ಚಿತ್ರ ತಪ್ಪು ದಾರಿಗೆಳೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಕುಡಿದವರು ಆ ಪೋಸ್ಟರ್ ನೆನಪಿಸಿಕೊಂಡು ಸುತ್ತ ನೋಡುತ್ತಾರೆ. ಅಂಚುಗಳು ಕಪ್ಪಾಗಿಲ್ಲ. ಹಾಗಾದರೆ ನನಗೆ ಏರಿಲ್ಲ ಅಂದುಕೊಳ್ಳುತ್ತಾರೆ.

ನಿಜ ಏನು ಅನ್ನುವುದನ್ನು ಹರ್ಬರ್ಟ್ ಮಾಸ್ಕೋವಿಟ್ಸ್ ಮತ್ತು ಶರ್ಮಾ 1974ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ತೋರಿಸುತ್ತದೆ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ಬಹಳ ಸರಳ. ಒಬ್ಬರು ನಡುವಿನ ಒಂದು ದೀಪವನ್ನೇ ನೋಡುತ್ತಾ ಕೂರಬೇಕು. ಆಗಾಗ ನೋಟದ ಅಂಚಿನಲ್ಲಿ ಎಲ್ಲೋ ಒಂದು ಬೆಳಕು ಮೂಡುತ್ತದೆ. ಅದು ಕಂಡ ಕೂಡಲೇ ತಿಳಿಸಬೇಕು. ನಡುವಿನ ದೀಪ ಸುಮ್ಮನೆ ಒಂದೇ ಸಮ ಉರಿಯುತ್ತಿದ್ದಾಗ, ಕುಡಿದವರೂ ಅಂಚಿನ ಬೆಳಕನ್ನು ಚೆನ್ನಾಗಿಯೇ ಕಂಡರು. ಮದ್ಯದಿಂದ ಏನೂ ಕೆಡಲಿಲ್ಲ. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿದರು. ನಡುವಿನ ದೀಪ ಮಿಟುಕತೊಡಗಿತು, ಎಷ್ಟು ಸಲ ಮಿಟುಕಿತು ಅಂತ ಎಣಿಸಿ ಅಂದರು. ಈಗ ಕುಡಿದವರಿಗೆ ಅಂಚಿನ ಬೆಳಕುಗಳು ತಪ್ಪಿಹೋಗತೊಡಗಿದವು.

ಯೋಚಿಸಿ ನೋಡಿ. ಎರಡೂ ಸಲ ಕಣ್ಣು ಅದೇ, ಬೆಳಕು ಅದೇ, ರಕ್ತದಲ್ಲಿರುವ ಮದ್ಯವೂ ಅದೇ. ಬದಲಾದದ್ದು ಒಂದೇ, ಮಿದುಳಿಗೆ ಈಗ ಎರಡು ಕೆಲಸ. ಅಂದರೆ ಆಲ್ಕೋಹಾಲ್ ನೋಟದ ಅಂಚನ್ನು ಕತ್ತರಿಸುವುದಿಲ್ಲ. ಗಮನವನ್ನು ನಡುವಿನ ಕೆಲಸ ಹಿಡಿದಿಟ್ಟುಕೊಂಡಾಗ, ಅಂಚಿಗೆ ಕೊಡಲು ಏನೂ ಉಳಿಯದ ಹಾಗೆ ಮಾಡುತ್ತದೆ. ಖಾಲಿ ಕೋಣೆಯಲ್ಲಿ ಸುಮ್ನೆ ಕೂತವರಿಗೆ ತಮ್ಮ ನೋಟ ಪೂರ್ತಿ ಇದೆ ಅನ್ನಿಸುತ್ತದೆ, ಅದು ನಿಜವೂ ಹೌದು. ಸ್ಟಿಯರಿಂಗ್ ಹಿಡಿದು, ಮುಂದಿನ ವಾಹನದ ಬ್ರೇಕ್ ಲೈಟ್ ನೋಡುತ್ತಾ, ವೇಗ ಸರಿಹೊಂದಿಸಿಕೊಳ್ಳಲು ಶುರುಮಾಡಿದ ಮೇಲೆ ಅದು ನಿಜವಲ್ಲ.

ಎರಡು ವರ್ಷದ ನಂತರ, 1976ರಲ್ಲಿ, ಮಾಸ್ಕೋವಿಟ್ಸ್ ಅವರೇ ಇನ್ನಿಬ್ಬರ ಜೊತೆ ಸೇರಿ ಇನ್ನೊಂದು ಕೆಲಸ ಪ್ರಕಟಿಸಿದರು. ಗಾಡಿ ಓಡಿಸುವಾಗ ಕಾಣುವ ದೃಶ್ಯಗಳನ್ನು ಜನರಿಗೆ ತೋರಿಸಿ, ಅವರ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ದಾಖಲು ಮಾಡಿದರು. ಕುಡಿದವರ ಕಣ್ಣು ಪ್ರತಿ ಸಲವೂ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಹಾಗಾಗಿ ಅಷ್ಟೇ ಹೊತ್ತಿನಲ್ಲಿ ಕಡಿಮೆ ಕಡೆ ನೋಡುತ್ತಿತ್ತು.

ಕೇಳೋಕೆ ಇದು ಸಣ್ಣ ವಿಷಯ. ಒಂದು ಲೆಕ್ಕ ಹಾಕೋಣ, ಈ ಅಂಕಿಗಳು ನಾನು ಉದಾಹರಣೆಗೆ ಹಾಕಿಕೊಂಡವು. ಜಿಗಿತವೂ ಸೇರಿ ಒಂದೊಂದು ನೋಟಕ್ಕೆ 300 ಮಿಲಿಸೆಕೆಂಡ್ ಹಿಡಿದರೆ 3 ಸೆಕೆಂಡಿನಲ್ಲಿ ಹತ್ತು ಕಡೆ ನೋಡಬಹುದು. ಅದು 400 ಆದರೆ ಏಳೇ ಕಡೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವರು ಆ 3 ಸೆಕೆಂಡಿನಲ್ಲಿ 50 ಮೀಟರ್ ದಾಟಿರುತ್ತಾರೆ. ಬಿಟ್ಟುಹೋದ ಆ ಮೂರು ಜಾಗಗಳು ಯಾವುವು? ರಸ್ತೆಯ ನಡುಭಾಗ ಅಂತೂ ಅಲ್ಲ, ಅದನ್ನು ಯಾರೂ ಬಿಡುವುದಿಲ್ಲ. ಸಾಮಾನ್ಯವಾಗಿ ಬಿಟ್ಟುಹೋಗುವುದು ಪಕ್ಕಗಳು. ನಿಂತ ಗಾಡಿಯ ಹಿಂದಿನ ಜಾಗ, ಅಡ್ಡರಸ್ತೆಯ ಬಾಯಿ, ಕನ್ನಡಿ.

ಕಣ್ಣು ಯಾಕೆ ಹೆಚ್ಚು ಹೊತ್ತು ನಿಲ್ಲುತ್ತದೆ? ನಿಂತ ಕಡೆ ಏನಿದೆ ಅಂತ ತಿಳಿದುಕೊಳ್ಳಲು ಮಿದುಳಿಗೆ ಈಗ ಜಾಸ್ತಿ ಸಮಯ ಬೇಕು. ಇದನ್ನು ಬೇರೊಂದು ಬಗೆಯಲ್ಲೂ ಪರೀಕ್ಷಿಸಿದ್ದಾರೆ. ಒಂದು ಅಕ್ಷರವನ್ನು ಕ್ಷಣಮಾತ್ರ ತೋರಿಸಿ, ಅದರ ಬೆನ್ನಿಗೇ ಅದೇ ಜಾಗದಲ್ಲಿ ಗೀಚುಗಳ ಚಿತ್ರವೊಂದನ್ನು ತರುತ್ತಾರೆ. ನಡುವಿನ ಅಂತರ ತೀರಾ ಕಡಿಮೆಯಿದ್ದರೆ ಎರಡನೆಯದು ಮೊದಲನೆಯದನ್ನು ಅಳಿಸಿಹಾಕುತ್ತದೆ, ಅಕ್ಷರ ಕಾಣುವುದೇ ಇಲ್ಲ. ಕುಡಿದವರಿಗೆ ಅಕ್ಷರ ಉಳಿಯಬೇಕಾದರೆ ಈ ಅಂತರ ಹೆಚ್ಚು ಬೇಕಾಗುತ್ತದೆ. ಮಾಹಿತಿ ಕಣ್ಣಿನಿಂದ ಒಳಗೆ ಹೋಗಿ ಅರ್ಥವಾಗುವ ದಾರಿಯೇ ನಿಧಾನವಾಗಿದೆ.

ಇನ್ನೂ ಕೆಲವು ತೊಂದರೆಗಳಿವೆ, ಬೇಗ ಹೇಳಿ ಮುಗಿಸುತ್ತೇನೆ. ಸಕೇಡ್ ಶುರುವಾಗುವುದು ತಡವಾಗುತ್ತದೆ, ಅದರ ವೇಗವೂ ಇಳಿಯುತ್ತದೆ. ಚಲಿಸುವ ವಸ್ತುವಿನ ಹಿಂದೆ ಕಣ್ಣು ನಯವಾಗಿ ಹೋಗುವ ಬದಲು ತುಂಡು ತುಂಡಾಗಿ ಜಿಗಿಯುತ್ತದೆ. ಅಮೆರಿಕದ ಪೊಲೀಸರು ಪೆನ್ನನ್ನು ಆಚೀಚೆ ಆಡಿಸಿ ಕಣ್ಣು ನೋಡುತ್ತಾರಲ್ಲ, ಆ ಪರೀಕ್ಷೆ ಇದನ್ನೂ, ಓರೆಗೆ ನೋಡುವಾಗ ಕಣ್ಣುಗುಡ್ಡೆ ನಡುಗುವುದನ್ನೂ ಹಿಡಿಯುತ್ತದೆ. 1970ರ ದಶಕದಲ್ಲಿ ಅದನ್ನು ರೂಪಿಸಿದವರಲ್ಲಿ ಇದೇ ಮಾಸ್ಕೋವಿಟ್ಸ್ ಒಬ್ಬರು, ಮಾರ್ಸೆಲಿನ್ ಬರ್ನ್ಸ್ ಇನ್ನೊಬ್ಬರು. ಬೂದು ಬಣ್ಣದ ಮೇಲಿನ ಬೂದು ವಸ್ತುವನ್ನು ಬೇರ್ಪಡಿಸಿ ನೋಡುವ ಶಕ್ತಿಯೂ ಕುಗ್ಗುತ್ತದೆ. ಎದುರು ಗಾಡಿಯ ಬೆಳಕು ಕಣ್ಣಿಗೆ ಹೊಡೆದ ಮೇಲೆ ಮತ್ತೆ ಸರಿಯಾಗಿ ಕಾಣಲು ಹೆಚ್ಚು ಹೊತ್ತು ಹಿಡಿಯುತ್ತದೆ ಅಂತ ಆ್ಯಡಮ್ಸ್ ಮತ್ತು ಬ್ರೌನ್ 1975ರಲ್ಲೇ ತೋರಿಸಿದರು. ಇವೆಲ್ಲ ಸೇರಿ ಹುಡುಕಾಟವನ್ನು ಕಷ್ಟ ಮಾಡುತ್ತವೆ ಅನ್ನುವುದು ನಿಜ. ಆದರೆ ಮುಖ್ಯ ಕಥೆ ಗಮನದ್ದೇ.

ಮಿದುಳಿನ ಮಟ್ಟದಲ್ಲಿ ಏನಾಗುತ್ತದೆ ಅಂತ ಒಂದೆರಡು ಮಾತು. ನರಕೋಶಗಳನ್ನು ಸುಮ್ಮನಾಗಿಸುವ ಗಾಬಾ ಅನ್ನುವ ರಾಸಾಯನಿಕದ ಕೆಲಸಕ್ಕೆ ಆಲ್ಕೋಹಾಲ್ ಒತ್ತು ಕೊಡುತ್ತದೆ. ಅವುಗಳನ್ನು ಚುರುಕಾಗಿಸುವ ಗ್ಲುಟಮೇಟ್‌ನ ಒಂದು ಮುಖ್ಯ ದಾರಿಯನ್ನು ತಡೆಯುತ್ತದೆ. ಇದು ಮಿದುಳಿನ ತುಂಬ ನಡೆಯುತ್ತದೆ. ಆದರೆ ಯೋಜನೆ ಹಾಕುವ, ಗಮನ ತಿರುಗಿಸುವ, ತಪ್ಪು ತಿದ್ದುವ ಕೆಲಸಗಳಿಗೆ ದೂರದೂರದ ಹಲವು ಭಾಗಗಳು ಒಂದೇ ತಾಳದಲ್ಲಿ ಸೇರಿ ನಡೆಯಬೇಕು. ಅಂಥ ಕೆಲಸಗಳು ಮೊದಲು ಸೊರಗುತ್ತವೆ.

1990ರಲ್ಲಿ ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ ಇದಕ್ಕೆ 'ಆಲ್ಕೋಹಾಲ್ ಮಯೋಪಿಯಾ', ಅಂದರೆ ಮದ್ಯದ ಸಮೀಪದೃಷ್ಟಿ, ಅನ್ನುವ ಹೆಸರು ಪ್ರಚಾರಕ್ಕೆ ತಂದರು. ಕುಡಿದವರಿಗೆ ಎದ್ದು ಕಾಣುವ ಸಂಗತಿ ಮಾತ್ರ ಕಾಣುತ್ತದೆ, ಅದರ ಹಿಂದಿರುವುದು, ಪಕ್ಕದಲ್ಲಿರುವುದು, ಮುಂದೆ ಬರಲಿರುವುದು ಹಿನ್ನೆಲೆಗೆ ಸರಿದುಬಿಡುತ್ತದೆ ಅಂತ ಅವರ ಮಾತು. ಅವರು ಹೇಳುತ್ತಿದ್ದದ್ದು ಹೆಚ್ಚಾಗಿ ಜಗಳ, ದುಃಖ, ಧೈರ್ಯ ಇಂಥವುಗಳ ಬಗ್ಗೆ. ಆದರೂ ಮಾತು ಕಣ್ಣಿಗೂ ಹೊಂದುತ್ತದೆ. ಚೆಂಡು ಎಸೆಯುವ ಆಟಗಾರರ ನಡುವೆ ಗೊರಿಲ್ಲಾ ವೇಷದವರೊಬ್ಬರು ನಡೆದುಹೋಗುವ ವಿಡಿಯೋ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. 1999ರಲ್ಲಿ ಸೈಮನ್ಸ್ ಮತ್ತು ಶಬ್ರಿಸ್ ಮಾಡಿದ್ದು. ಚೆಂಡು ಎಷ್ಟು ಕೈ ಬದಲಾಯಿತು ಅಂತ ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧ ಜನಕ್ಕೆ ಆ ಗೊರಿಲ್ಲಾ ಕಾಣಲೇ ಇಲ್ಲ. 2006ರಲ್ಲಿ ಅದೇ ವಿಡಿಯೋವನ್ನು 0.04ರಷ್ಟು ಮಾತ್ರ ಏರಿದ್ದವರಿಗೆ ತೋರಿಸಿದರು. ಕಾಣದವರ ಪಾಲು ಇನ್ನೂ ಜಾಸ್ತಿಯಾಯಿತು. 0.04 ಅಂದರೆ ಎಷ್ಟೋ ದೇಶಗಳ ಕಾನೂನು ಗಾಡಿ ಓಡಿಸಲು ಬಿಡುವ ಮಟ್ಟ.

ಕುಡಿಯದವರೇ ಅರ್ಧಕ್ಕರ್ಧ ಕಾಣದೆ ಹೋದರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2013ರಲ್ಲಿ 24 ಮಂದಿ ರೇಡಿಯಾಲಜಿ ಡಾಕ್ಟರುಗಳಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಗಂಟುಗಳನ್ನು ಹುಡುಕಲು ಹೇಳಿದರು. ಅದರೊಳಗೆ ಪುಟ್ಟ ಗೊರಿಲ್ಲಾ ಚಿತ್ರವೊಂದನ್ನು ಸೇರಿಸಿಟ್ಟಿದ್ದರು. 20 ಮಂದಿಗೆ ಅದು ಕಾಣಲಿಲ್ಲ. ಕಣ್ಣಿನ ಜಾಡು ಹಿಡಿದು ನೋಡಿದರೆ, ಅವರಲ್ಲಿ ಹೆಚ್ಚಿನವರ ನೋಟ ನೇರವಾಗಿ ಗೊರಿಲ್ಲಾ ಮೇಲೇ ಹೋಗಿತ್ತು. ಪಳಗಿದ ಕಣ್ಣು, ಅಮಲಿಲ್ಲದ ತಲೆ, ಆದರೂ ಹೀಗೆ. ಹುಡುಕಾಟ ಮೊದಲೇ ಇಷ್ಟು ನಾಜೂಕಾದ ಕೆಲಸ. ಅದರ ಮೇಲೆ ಮದ್ಯ ಬೀಳುತ್ತದೆ.

ಈಗ ನಾನು ನೆನಪಿಟ್ಟುಕೊಳ್ಳಿ ಅಂದಿದ್ದ ಮೂರನೇ ಚಿತ್ರ. ಕೆಂಪು 'ಮ' ಇಲ್ಲದ್ದು.

'ಇದೆ' ಅನ್ನಲು ಕಂಡರೆ ಸಾಕು. 'ಇಲ್ಲ' ಅನ್ನಲು ನಮ್ಮ ಹುಡುಕಾಟದ ಬಗ್ಗೆಯೇ ನಾವು ತೀರ್ಪು ಕೊಡಬೇಕು. ನಾನು ಸಾಕಷ್ಟು ನೋಡಿದ್ದೇನೆ, ಎಲ್ಲ ಕಡೆ ನೋಡಿದ್ದೇನೆ, ನೋಡಿದ್ದು ಸರಿಯಾಗಿ ನೋಡಿದ್ದೇನೆ, ಹಾಗಾಗಿ ಇಲ್ಲ. ರಸ್ತೆ ದಾಟುವಾಗ, ಲೇನ್ ಬದಲಿಸುವಾಗ, ಯಂತ್ರದ ಮೀಟರುಗಳನ್ನು ನೋಡುವಾಗ ನಾವು ಕೊಡುವ ಉತ್ತರಗಳಲ್ಲಿ ಹೆಚ್ಚಿನವು 'ಇಲ್ಲ'ಗಳೇ. ಗಾಡಿ ಇಲ್ಲ, ಮಗು ಇಲ್ಲ, ತೊಂದರೆ ಇಲ್ಲ.

ಈ 'ಇಲ್ಲ' ಎಷ್ಟು ಬೇಗ ಸಡಿಲವಾಗುತ್ತದೆ ಅನ್ನುವುದಕ್ಕೆ ವುಲ್ಫ್ ಮತ್ತು ಸಂಗಡಿಗರ 2005ರ ಕೆಲಸ ನೋಡಿ. ಇದರಲ್ಲಿ ಮದ್ಯದ ಸುದ್ದಿಯೇ ಇಲ್ಲ. ಬ್ಯಾಗಿನ ಎಕ್ಸ್-ರೇ ತಪಾಸಣೆಯನ್ನು ಹೋಲುವ ಚಿತ್ರಗಳಲ್ಲಿ ಜನ ಒಂದು ಬಗೆಯ ವಸ್ತುವನ್ನು ಹುಡುಕಬೇಕಿತ್ತು. ನೂರಕ್ಕೆ 50 ಚಿತ್ರಗಳಲ್ಲಿ ಅದು ಇದ್ದಾಗ, ಅವರ ಕಣ್ತಪ್ಪಿ ಹೋದದ್ದು ಶೇಕಡ 7. ನೂರಕ್ಕೆ 1ರಲ್ಲಿ ಮಾತ್ರ ಇದ್ದಾಗ ಕಣ್ತಪ್ಪಿ ಹೋದದ್ದು ಶೇಕಡ 30. ವಸ್ತು ಅದೇ, ಕಷ್ಟ ಅಷ್ಟೇ. ಆದರೆ ಮತ್ತೆ ಮತ್ತೆ 'ಇಲ್ಲ' ಅಂದು ಅಭ್ಯಾಸವಾದ ಮನಸ್ಸು ಬೇಗ ಕೈಬಿಡುತ್ತದೆ. ರಸ್ತೆಯಲ್ಲಿ ಗಂಡಾಂತರ ಯಾವಾಗಲೂ ಅಪರೂಪದ ವಸ್ತುವೇ ಅಲ್ವಾ?

ಇಲ್ಲಿ ನಮ್ಮನ್ನು ಕಾಯುವುದು ಒಂದೇ, ಮಿದುಳಿನೊಳಗಿನ ತಪಾಸಣೆ. ತಪ್ಪು ಮಾಡಿದ ಕೂಡಲೇ, ಸೆಕೆಂಡಿನ ಹತ್ತನೇ ಒಂದು ಭಾಗದ ಒಳಗೆ, ಹಣೆಯ ಹಿಂದಿನ ಮಧ್ಯಭಾಗದಿಂದ ಒಂದು ವಿದ್ಯುತ್ ಸಂಕೇತ ಏಳುತ್ತದೆ. ತಲೆಯ ಮೇಲೆ ಇಟ್ಟ ತಂತಿಗಳಿಂದ ಅದನ್ನು ಅಳೆಯಬಹುದು. ಅದು ಬಂದಮೇಲೆ ಮುಂದಿನ ಸಲ ನಾವು ಸ್ವಲ್ಪ ನಿಧಾನಿಸುತ್ತೇವೆ, ಹುಷಾರಾಗುತ್ತೇವೆ. 2002ರಲ್ಲಿ ರಿಡರಿಂಕಾಫ್ ಮತ್ತು ಸಂಗಡಿಗರು ಮದ್ಯ ಈ ಸಂಕೇತವನ್ನು ಕುಗ್ಗಿಸುತ್ತದೆ ಅಂತ ತೋರಿಸಿದರು. ಕುಡಿದವರಿಗೆ ತಮ್ಮ ತಪ್ಪು ಗೊತ್ತೇ ಆಗುವುದಿಲ್ಲ ಅಂತ ಎಲ್ಲರೂ ಅಂದುಕೊಂಡರು. ಹತ್ತು ವರ್ಷದ ನಂತರ ಬ್ರೂಸ್ ಬಾರ್ಥೊಲೊ ತಂಡ ಇದನ್ನು ಇನ್ನಷ್ಟು ಕೆದಕಿತು. ಅವರ ಪ್ರಯೋಗದಲ್ಲಿ ಕುಡಿದವರು 'ಈಗ ತಪ್ಪು ಒತ್ತಿದೆ' ಅಂತ ಉಳಿದವರಷ್ಟೇ ಚೆನ್ನಾಗಿ ಗುರುತಿಸಿದರು. ಆದರೂ ಸಂಕೇತ ಸಣ್ಣದೇ ಇತ್ತು, ನಡೆ ತಿದ್ದಿಕೊಳ್ಳುವುದೂ ಕಡಿಮೆಯಾಗಿತ್ತು. ತಪ್ಪು ಗೊತ್ತು, ಅದರ ಬಿಸಿ ಮಾತ್ರ ತಟ್ಟುವುದಿಲ್ಲ. ಈ ಎರಡನೇ ವಿವರಣೆಯೇ ನನಗೆ ಹೆಚ್ಚು ಒಪ್ಪುತ್ತದೆ. ಕುಡಿದವರ ಜೊತೆ ಮಾತಾಡಿದ ಯಾರಿಗಾದರೂ ಒಪ್ಪೀತು.

ಆದರೆ ಗಮನಿಸಿ, ಆ ಪ್ರಯೋಗಗಳಲ್ಲಿ ತಪ್ಪು ಅಂದರೆ ತಪ್ಪು ಬಟನ್ ಒತ್ತುವುದು. ಅದು ಗೊತ್ತಾಗುವಂಥ ತಪ್ಪು. ಹುಡುಕಾಟದಲ್ಲಿ ಕಣ್ತಪ್ಪಿ ಹೋದದ್ದು ಹಾಗಲ್ಲ. ನೋಡದೆ ಬಿಟ್ಟ ವಸ್ತು ತಾನು ಇದ್ದೆ ಅಂತ ಬಂದು ಹೇಳುವುದಿಲ್ಲ. ಹೆಚ್ಚಿನ ಸಲ ಏನೂ ಆಗುವುದಿಲ್ಲ, ಗಾಡಿ ಪಕ್ಕಕ್ಕೆ ಹೋಗಿಬಿಡುತ್ತದೆ, ನಾವೂ ಮನೆ ಸೇರುತ್ತೇವೆ. ಹಾಗಾಗಿ ಕುಡಿದು ಓಡಿಸಿದ ಅನುಭವದಿಂದ ಕುಡಿದು ಓಡಿಸುವುದರ ಅಪಾಯ ಕಲಿಯಲು ಆಗುವುದಿಲ್ಲ. 'ಇಷ್ಟು ವರ್ಷ ಏನೂ ಆಗಿಲ್ಲ' ಅನ್ನುವವರು ಸುಳ್ಳು ಹೇಳುತ್ತಿಲ್ಲ. ಎಷ್ಟು ಸಲ ಕೂದಲೆಳೆಯಲ್ಲಿ ಪಾರಾದರು ಅನ್ನುವ ಲೆಕ್ಕ ಅವರ ಹತ್ತಿರ ಇಲ್ಲ, ಅಷ್ಟೆ.

ಸಮಯದ ಬಗ್ಗೆ ಒಂದು ಮಾತು ಉಳಿದಿದೆ. ಎಡ್ವರ್ಡ್ ಮೆಲನ್‌ಬಿ 1919ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ, ರಕ್ತದಲ್ಲಿ ಮದ್ಯ ಏರುವಾಗ ಕಾಣುವ ತೂರಾಟ, ಅದೇ ಮಟ್ಟಕ್ಕೆ ಇಳಿಯುವಾಗ ಅಷ್ಟಿರುವುದಿಲ್ಲ ಅಂತ ಗುರುತಿಸಿದರು. ಮನುಷ್ಯರಿಗೂ ಇಳಿಯುವಾಗ ಚೆನ್ನಾಗಿದ್ದೇನೆ ಅನ್ನಿಸುತ್ತದೆ. ಸಮಸ್ಯೆ ಏನೆಂದರೆ ಎಲ್ಲವೂ ಒಟ್ಟಿಗೆ ಸರಿಹೋಗುವುದಿಲ್ಲ. ಇಳಿಯುವ ಹೊತ್ತಿಗೆ ಉತ್ತರ ಕೊಡುವ ವೇಗ ಮೊದಲಿನ ಹಾಗೆ ಬಂದುಬಿಡುತ್ತದೆ, ತಪ್ಪುಗಳು ಮಾತ್ರ ಹಾಗೇ ಉಳಿದಿರುತ್ತವೆ ಅಂತ ಹಲವು ಪ್ರಯೋಗಗಳು ತೋರಿಸಿವೆ. ತೂಕಡಿಸುತ್ತಾ ನಿಧಾನಕ್ಕೆ ಹುಡುಕುವವರಿಗಿಂತ, ಚುರುಕಾಗಿ ಹುಡುಕಿ ತಪ್ಪಾಗಿ 'ಇಲ್ಲ' ಅನ್ನುವವರ ಬಗ್ಗೆಯೇ ನನಗೆ ಹೆಚ್ಚು ಭಯ.

ಇನ್ನು ಪ್ರಶ್ನೆಗಳು.

ದಿನಾ ಕುಡಿಯುವವರಿಗೆ ಇದು ಅಭ್ಯಾಸ ಆಗಿಬಿಡುವುದಿಲ್ಲವೇ ಅಂತ ಒಬ್ಬರು ಕೇಳಿದರು. ಕೆಲವು ಕೆಲಸಗಳಿಗೆ ಆಗುತ್ತದೆ. ನಡಿಗೆ, ಮಾತು, ಮತ್ತೆ ಮತ್ತೆ ಮಾಡಿ ಕೈಗೆ ಹತ್ತಿದ ಕೆಲಸ, ಇವು ಅಷ್ಟಾಗಿ ಕೆಡುವುದಿಲ್ಲ. ಅದರಿಂದಲೇ ನೋಡುವವರಿಗೂ ಅವರು ಸರಿಯಾಗಿದ್ದಾರೆ ಅನ್ನಿಸುತ್ತದೆ. ಹೊಸ ಸಂದರ್ಭ ಎದುರಾದಾಗ, ಒಟ್ಟಿಗೆ ಎರಡು ಕೆಲಸ ಬಿದ್ದಾಗ ಆ ಅಭ್ಯಾಸ ಅಷ್ಟು ಕೈಹಿಡಿಯುವುದಿಲ್ಲ. ಉಸಿರಿನ ಯಂತ್ರಕ್ಕಂತೂ ಅಭ್ಯಾಸದ ಲೆಕ್ಕವೇ ಇಲ್ಲ.

'ಸುರಕ್ಷಿತ ಮಟ್ಟ ಅಂತ ಒಂದಿದೆಯಾ ಮೇಡಂ?' ಇದು ಒಬ್ಬ ಹುಡುಗನ ಪ್ರಶ್ನೆ. ಮಾಸ್ಕೋವಿಟ್ಸ್ ಮತ್ತು ಫಿಯೊರೆಂಟಿನೊ 2000ದಲ್ಲಿ 112 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸೊನ್ನೆಯಿಂದ ಮೇಲೆ ಹೋದ ಕೂಡಲೇ ಗಾಡಿ ಓಡಿಸಲು ಬೇಕಾದ ಒಂದಲ್ಲ ಒಂದು ಕೌಶಲ ಕುಂದಲು ಶುರುವಾಗುತ್ತದೆ, ಇಲ್ಲಿಂದಾಚೆಗೆ ಮಾತ್ರ ಅನ್ನುವ ಗೆರೆ ಇಲ್ಲ ಅನ್ನುವುದು ಅವರು ಕಂಡದ್ದು. ಬೇರೆ ಬೇರೆ ಕೆಲಸಗಳು ಬೇರೆ ಬೇರೆ ಮಟ್ಟದಲ್ಲಿ ಕೆಡುತ್ತವೆ. ಬಟನ್ ಒತ್ತುವ ಸರಳ ಕೆಲಸ ಮಟ್ಟ ಸಾಕಷ್ಟು ಏರುವವರೆಗೂ ತಾಳುತ್ತದೆ. ಗಮನವನ್ನು ಎರಡು ಕಡೆ ಹಂಚುವ ಕೆಲಸ ಬೇಗ ಕೆಡುತ್ತದೆ. ಕಾನೂನಿನ ಗೆರೆ ಬೇಕು, ಇರಲಿ. ಅದು ದಂಡ ಹಾಕಲು ಎಳೆದ ಗೆರೆ. ಮಿದುಳು ಅದನ್ನು ಓದಿಲ್ಲ.

ಕೊನೆಗೆ ಹಿರಿಯರೊಬ್ಬರು ಕೇಳಿದ್ದು ಕಾಫಿ ಮತ್ತು ನಿದ್ದೆ ಬಗ್ಗೆ. ರಕ್ತದಲ್ಲಿನ ಮದ್ಯ ಗಂಟೆಗೆ ಸುಮಾರು 0.015ರಷ್ಟು ಇಳಿಯುತ್ತದೆ. ಅಂದರೆ 0.08ರಿಂದ ಸೊನ್ನೆಗೆ ಬರಲು ಐದು ಗಂಟೆಗಿಂತ ಜಾಸ್ತಿ. ಕಾಫಿ ಎಚ್ಚರವಾಗಿರಿಸುತ್ತದೆ, ಆದರೆ ಈ ಇಳಿಕೆಯನ್ನು ಬೇಗ ಮಾಡುವುದಿಲ್ಲ. ತಣ್ಣೀರು ಸ್ನಾನವೂ ಅಷ್ಟೆ. ಸೊನ್ನೆಗೆ ಬಂದ ಮೇಲೂ ಕಥೆ ಪೂರ್ತಿ ಮುಗಿಯುವುದಿಲ್ಲ. 2018ರಲ್ಲಿ 19 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಜಾಸ್ತಿ ಕುಡಿದ ಮಾರನೇ ದಿನ, ರಕ್ತದಲ್ಲಿ ಹೆಚ್ಚೇನೂ ಉಳಿಯದಿದ್ದಾಗಲೂ, ಗಮನ ಹಿಡಿದಿಡುವುದು, ನೆನಪು ಮತ್ತು ಗಾಡಿ ಓಡಿಸುವುದು ಕುಂದಿರುತ್ತದೆ ಅಂತ ಕಂಡುಬಂತು. ಅದಕ್ಕೂ ಮೊದಲು, 1986ರಲ್ಲಿ, ಅಮೆರಿಕದ ನೌಕಾಪಡೆಯ 10 ಪೈಲಟ್‌ಗಳಿಗೆ 0.10ರ ಮಟ್ಟಕ್ಕೆ ಕುಡಿಸಿ, 14 ಗಂಟೆ ಕಳೆದ ಮೇಲೆ ಸಿಮ್ಯುಲೇಟರ್‌ನಲ್ಲಿ ಕೂರಿಸಿದ್ದರು. ಅಳೆದ ಹೆಚ್ಚುಕಡಿಮೆ ಎಲ್ಲದರಲ್ಲೂ ಅವರ ಹಾರಾಟ ಕುಡಿಯದ ದಿನಕ್ಕಿಂತ ಕೆಳಗಿತ್ತು. ಹಾರಲು ನಾನು ಸರಿಯಾಗಿದ್ದೇನೆ ಅನ್ನುವ ಪೈಲಟ್‌ನ ಸ್ವಂತ ಅನಿಸಿಕೆಯನ್ನು ನೆಚ್ಚಿಕೊಳ್ಳಬಾರದು ಅಂತ ಆ ಸಂಶೋಧಕರು ಬರೆದರು.